ಮಜ್ಜೆ ತೆಗೆದ ಮೂಳೆ

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಬೆಳಗ್ಗೆ, ಹಂಡೆಯ ನೀರು ಕುದಿ ಹಿಡಿಯುವ ಹೊತ್ತು. ನಾನು ಹಿತ್ತಲಲ್ಲಿ ಮೂಳೆ ಬೇಯಿಸುತ್ತಿದ್ದೆ. ಒಳಗೆ ನನ್ನ ತಮ್ಮ ಲೇತಿನ ಮುಂದೆ ನಿಂತು ಗುಂಡಿ ಕಡೆಯುತ್ತಿದ್ದ.

ನಮ್ಮದು ಮೂಳೆಯ ಗುಂಡಿ ಮಾಡುವ ಮನೆ. ಅಂಗಿಗೆ, ಕೋಟಿಗೆ, ಹಸುಗೂಸಿನ ಬಟ್ಟೆಗೆ ಹೊಲಿಯುವ ಗುಂಡಿ. ಕಸಾಯಿಖಾನೆಯಿಂದ ಕಾಲಿನ ಮೂಳೆ ಬರುತ್ತದೆ. ಅದರ ಎರಡೂ ತುದಿ ಗರಗಸದಲ್ಲಿ ಕೊಯ್ದು, ಬೇಯಿಸಿ, ಒಳಗಿನ ನೆಣವನ್ನು ತಂತಿಯಿಂದ ತಳ್ಳಿ, ಕೆರೆದು ಒಣಗಿಸುವುದು ಅಕ್ಕನಾದ ನನ್ನ ಕೆಲಸ. ಒಣಗಿದ್ದನ್ನು ಕಡೆದು ಗುಂಡಿ ಮಾಡುವುದು ತಮ್ಮನದು. ತೂತು ಕೊರೆದು ಹೊಳಪು ಕೊಡುವುದು ಅವನ ಹೆಂಡತಿಯದು. ಲೇತು ನಮ್ಮಪ್ಪನ ಕಾಲದ್ದು, ಅದಕ್ಕೆ ಕರೆಂಟಿನ ಹಂಗಿಲ್ಲ. ಎಡಗಾಲಿನ ಮೇಲೆ ನಿಂತು ಬಲಗಾಲಿನಿಂದ ಕೆಳಗಿನ ಹಲಗೆ ತುಳಿಯಬೇಕು, ಬಲಗೈಯಲ್ಲಿ ಉಳಿ ಹಿಡಿಯಬೇಕು. ಬೀದಿಯವರು ತಮ್ಮನನ್ನು ಗುಂಡಿಯಣ್ಣ ಅನ್ನುತ್ತಾರೆ. ಅವನೂ ಬೇರೆ ಹೆಸರಿಗೆ ಓಗೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವತ್ತು ಲೇತಿನ ಸದ್ದು ತಡವರಿಸಿ ನಿಂತಿತು. ಒಳಗೆ ಹೋಗಿ ನೋಡಿದರೆ ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಉಳಿ ಕೈ ಜಾರಿ ಬಿದ್ದಿತ್ತು. ಬಾಯಿಯ ಒಂದು ಪಕ್ಕ ಜೋತಿತ್ತು.

"ಏನಾಯ್ತೋ?" ಅಂದೆ.

"ಗೊತ್ತು" ಅಂದ.

ಆಸ್ಪತ್ರೆಯಲ್ಲಿ ಲಕ್ವ ಅಂದರು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತ್ತು. ಬಲಗೈ, ಬಲಗಾಲು ಎರಡೂ ಮರದ ಕೊರಡಾದವು. ಮಾತೆಲ್ಲ ಹೋಗಿ ಆ ಒಂದು ‘ಗೊತ್ತು’ ಮಾತ್ರ ಉಳಿಯಿತು. ನೀರು ಬೇಕಾದರೂ ಗೊತ್ತು, ನೋವಾದರೂ ಗೊತ್ತು, ನರ್ಸಮ್ಮ ಹೆಸರು ಕೇಳಿದರೂ ಗೊತ್ತು. ನಾವು ಹೇಳಿದ್ದು ಅವನಿಗೆ ತಿಳಿಯುತ್ತಿತ್ತು. ಅವನು ಹೇಳುವುದು ನಮಗೆ ತಿಳಿಯುತ್ತಿರಲಿಲ್ಲ.

ತಮ್ಮನ ಹೆಂಡತಿ ಹಾಸಿಗೆ ಪಕ್ಕ ಕೂತು ಅತ್ತಳು, ಅತ್ತು ಮುಗಿಸಿ ಮೂಗು ಒರೆಸಿಕೊಂಡು ಅಂದಳು: "ಮದುವೆಯಾದಾಗಿಂದ ಏನ್ ಕೇಳಿದ್ರೂ ‘ನಂಗೇನ್ ಗೊತ್ತು’ ಅಂತಿದ್ರು ಅತ್ತಿಗೆ. ಈಗ ನೋಡಿ, ಗೊತ್ತಿಲ್ಲದ್ದೇ ಇಲ್ಲ."

ಅವನು ಬಾಯಿಯ ಸರಿಯಿದ್ದ ಪಕ್ಕದಿಂದ ನಕ್ಕ. ನಗು ಉಳಿದಿತ್ತು.

ಅವನನ್ನು ನೋಡಲು ನಮ್ಮ ಚಿಕ್ಕಪ್ಪನ ಮಗ ಆಸ್ಪತ್ರೆಗೆ ಬಂದ. ಅವನೂ ಗುಂಡಿಯವನೇ, ಪಕ್ಕದ ಬೀದಿಯಲ್ಲಿ ಮೋಟಾರಿನ ಯಂತ್ರ ಇಟ್ಟಿದ್ದಾನೆ. ಮೋಟಾರಿನ ಓಟಕ್ಕೆ ಕೂಸಿನ ಬಟ್ಟೆಯ ಸಣ್ಣ ಗುಂಡಿ ತಾಳುವುದಿಲ್ಲ, ಸಿಡಿಯುತ್ತದೆ. ಅದಕ್ಕೆ ಕಾಲಿನ ಲೇತೇ ಆಗಬೇಕು. ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ತಮ್ಮನ ಹೆಂಡತಿಯ ಕಡೆ ತಿರುಗಿ ವಿಷಯಕ್ಕೆ ಬಂದ.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ಅಣ್ಣ ಎದ್ದು ನಿಲ್ಲೋ ಹಾಗಾದ್ರೆ ನನ್ನಷ್ಟು ಸಂತೋಷ ಪಡೋರು ಯಾರೂ ಇಲ್ಲ. ಆಗಲಿಲ್ಲ ಅಂದ್ರೆ, ಆ ಲೇತು ಸುಮ್ನೆ ನಿಲ್ಲಬಾರದು. ಅದರ ಚಕ್ರದ ಚರ್ಮದ ಪಟ್ಟಿ ಮಳೆಗಾಲದ ತೇವಕ್ಕೆ ಕೊಳೆತು ಹೋಗುತ್ತೆ."

"ಮನುಷ್ಯ ಇನ್ನೂ ಹಾಸಿಗೇಲಿದಾನೆ, ನಿಂಗೆ ಪಟ್ಟಿ ಚಿಂತೆ" ಅಂದೆ.

"ನೀನು ಬೈತೀಯಾ ಅಂತ ಗೊತ್ತಿದ್ದೇ ಬಂದೆ ಅಕ್ಕ."

ತಮ್ಮನ ಹೆಂಡತಿ ತಲೆ ತಗ್ಗಿಸಿ ಯೋಚಿಸಿದಳು. "ಮಳೆ ಹಿಡಿಯೋವರೆಗೆ ಇರ್ಲಿ. ಅಷ್ಟರಲ್ಲಿ ಇವರು ಲೇತು ತುಳಿದರೆ ನಮ್ಮಲ್ಲೇ. ಇಲ್ಲ ಅಂದ್ರೆ ನೀವೇ ಗಾಡಿ ತನ್ನಿ."

ಬಾಗಿಲು ತೆರೆದಿತ್ತು. ಒಳಗೆ ಮಲಗಿದ್ದವನಿಗೆ ಅಷ್ಟೂ ಕೇಳಿಸಿತ್ತು. ಅಲ್ಲಿಂದ ಮುಂದೆ ಅವನ ತಲೆಯಲ್ಲಿದ್ದದ್ದು ಒಂದೇ ವಿಷಯ, ಮಳೆಗೆ ಮುಂಚೆ ಲೇತು ತುಳಿಯುವುದು.

ಅದಾದ ಮೇಲೆ ಡಾಕ್ಟರಮ್ಮ ಬಂದರು. ವಯಸ್ಸು ಚಿಕ್ಕದು, ಮಾತು ನಿಧಾನ. ಒಂದು ಪ್ರಯೋಗ ನಡೀತಾ ಇದೆ, ಒಪ್ಪಿದರೆ ಇವರನ್ನೂ ಸೇರಿಸ್ತೀವಿ ಅಂದರು.

"ಸೊಂಟದ ಮೂಳೆಯೊಳಗೆ ಮಜ್ಜೆ ಇರುತ್ತೆ. ರಕ್ತ ಹುಟ್ಟೋದು ಅಲ್ಲೇ. ಸೂಜಿ ಹಾಕಿ ಸ್ವಲ್ಪ ಎಳೆದು, ಅದರಲ್ಲಿರೋ ಜೀವಕಣಗಳನ್ನ ಬೇರೆ ಮಾಡಿ, ಇವರದ್ದನ್ನ ಇವರಿಗೇ ಕೈ ನರದಿಂದ ವಾಪಸ್ ಕೊಡ್ತೀವಿ."

"ನಮ್ಮನೇಲಿ ಅದನ್ನ ನೆಣ ಅಂತೀವಿ, ಹಳ್ಳ ತೋಡಿ ಹೂತು ಬರ್ತೀವಿ" ಅಂದಳು ತಮ್ಮನ ಹೆಂಡತಿ. "ಅದು ಹೋಗಿ ಮಿದುಳಾಗುತ್ತಾ?"

"ಇಲ್ಲಮ್ಮ. ಬಹಳಷ್ಟು ಕಣ ಶ್ವಾಸಕೋಶದಲ್ಲೇ ಸಿಕ್ಕಿಬೀಳ್ತಾವೆ. ಆದ್ರೆ ಅವು ಏನೋ ಒಂದು ರಸ ಬಿಡ್ತಾವೆ, ಅದು ಮಿದುಳಿನ ಗಾಯದ ಸುತ್ತ ಇನ್ನೂ ಬದುಕಿರೋ ಭಾಗವನ್ನ ಎಬ್ಬಿಸಬಹುದು ಅಂತ ನಮ್ಮ ಅಂದಾಜು. ಇಲಿಗಳಲ್ಲಿ ಆಗಿದೆ."

"ಇಲಿ ಎದ್ದು ಓಡಾಡ್ತಾ?"

"ಓಡಾಡ್ತು."

"ಅದಕ್ಕೆ ಲೇತು ತುಳಿಯೋ ಕೆಲಸ ಇರ್ಲಿಲ್ಲ ಬಿಡಿ."

ಡಾಕ್ಟರಮ್ಮ ನಗಲಿಲ್ಲ. ಇನ್ನೊಂದು ವಿಷಯ ಹೇಳಬೇಕು ಅಂದರು. ಮಜ್ಜೆಯನ್ನು ಎಲ್ಲರಿಂದಲೂ ತೆಗೆಯುತ್ತಾರೆ, ಆದರೆ ಅರ್ಧ ಜನಕ್ಕೆ ಮಾತ್ರ ಜೀವಕಣ ಕೊಡುತ್ತಾರೆ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಕೊನೆಯವರೆಗೂ ರೋಗಿಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದಂತೆ. ಅದು ನನಗೆ ಸರಿ ಕಂಡಿತು.

"ನಿಮಗೆ ಒಪ್ಪಿಗೆ ಇದೆಯಾ?" ಅಂತ ತಮ್ಮನನ್ನು ಕೇಳಿದರು.

"ಗೊತ್ತು."

ಡಾಕ್ಟರಮ್ಮ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ತಲೆ ಆಡಿಸೋಕೆ ಹೇಳಿ ಅಂದೆ. ಅವನು ಚೆನ್ನಾಗಿಯೇ ಆಡಿಸಿದ.

ಸೂಜಿ ಹಾಕಿದ್ದು ಸೊಂಟದ ಎಡಗಡೆ, ಹಿಂಭಾಗದಲ್ಲಿ. ಬಲಗಡೆ ಆಗಲೇ ಬಲವಿಲ್ಲ, ಎಡಗಡೆಯೇ ಅನುಕೂಲ ಅಂದರು. ಮರಗಟ್ಟಿಸುವ ಮದ್ದು ಕೊಟ್ಟಿದ್ದರೂ ಎಳೆಯುವಾಗ ಅವನ ಎಡಗೈ ನನ್ನ ಸೆರಗನ್ನು ಹಿಡಿದು ಬಿಗಿದಿತ್ತು. ಎಳೆದದ್ದು ದಟ್ಟ ಕೆಂಪಗಿತ್ತು. ನಮ್ಮ ಹಂಡೆಯಲ್ಲಿ ತೇಲುವುದು ಹಳದಿ. ಅವನು ಕತ್ತು ಹೊರಳಿಸಿ ಸಿರಿಂಜನ್ನು ಬಹಳ ಹೊತ್ತು ನೋಡಿದ. ಅದೇ ದಿನ ಕೈಗೆ ಬಾಟಲಿ ಏರಿಸಿದರು. ಒಳಗಿನ ಬಣ್ಣ ಯಾರಿಗೂ ಕಾಣದ ಹಾಗೆ ಬಾಟಲಿಗೂ ನಳಿಕೆಗೂ ಕಪ್ಪು ಹೊದಿಕೆ ಹಾಕಿದ್ದರು.

ಮನೆಗೆ ಬಂದ ಮೇಲೆ ತೊಂದರೆ ಶುರುವಾಯಿತು.

ಕಸರತ್ತು ಮಾಡಿಸಲು ಆಸ್ಪತ್ರೆಯಿಂದ ಒಬ್ಬರು ಬರುತ್ತಿದ್ದರು. ಆಳು ಕಡ್ಡಿಯಂತಿದ್ದ ಕಾರಣ ತಮ್ಮನ ಹೆಂಡತಿ ಅವರಿಗೆ ಪೈಲ್ವಾನರು ಅಂತ ಹೆಸರಿಟ್ಟಿದ್ದಳು, ಎದುರಿಗೇ ಹಾಗೆ ಕರೆಯುತ್ತಿದ್ದಳು, ಅವರೂ ಓಗೊಡುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗ ತಮ್ಮ ಎಡಗಾಲಿನ ಮೇಲೆ ಭಾರ ಹಾಕಿ, ಪೈಲ್ವಾನರ ಹೆಗಲು ಹಿಡಿದು, ಒಂದಿಷ್ಟು ನಿಲ್ಲುತ್ತಿದ್ದ. ಈಗ ಎಡಗಾಲನ್ನು ನೆಲಕ್ಕೇ ಊರಲಿಲ್ಲ. ಎಬ್ಬಿಸಿದರೆ ಅದನ್ನು ಕೊಕ್ಕರೆಯಂತೆ ಮೇಲೆತ್ತಿಕೊಂಡು, ಸತ್ತ ಬಲಗಾಲಿನ ಮೇಲೆಯೇ ಮೈಯೆಲ್ಲ ಹೇರುತ್ತಿದ್ದ. ಬಲಗಾಲು ಮಡಿಚಿಕೊಳ್ಳುತ್ತಿತ್ತು. ಬೀಳುತ್ತಿದ್ದ. ಮತ್ತೆ ಎಬ್ಬಿಸಿದರೆ ಮತ್ತೆ ಹಾಗೆಯೇ.

"ಇದು ಒಳ್ಳೇದಲ್ಲಮ್ಮ" ಅಂದರು ಪೈಲ್ವಾನರು. "ಚೆನ್ನಾಗಿದ್ದ ಕಾಲೂ ಹೋಯ್ತೇನೋ. ಇನ್ನೊಂದು ಸಲ ಲಕ್ವ ಹೊಡೆದಿದ್ರೆ?"

ಆಂಬುಲೆನ್ಸು ತರಿಸಿ ಕರೆದುಕೊಂಡು ಹೋದೆವು. ತಲೆಯ ಫೋಟೋ ಮತ್ತೆ ತೆಗೆದರು. ಹೊಸದು ಏನೂ ಇರಲಿಲ್ಲ. ಮಲಗಿದ್ದಾಗ ಎಡಗಾಲು ಎತ್ತು ಅಂದರೆ ಎತ್ತುತ್ತಿದ್ದ, ಒದಿ ಅಂದರೆ ಒದೆಯುತ್ತಿದ್ದ. ನಿಲ್ಲು ಅಂದರೆ ಮಾತ್ರ ಇಲ್ಲ. ಸೂಜಿ ಚುಚ್ಚಿದ ಜಾಗ ಒತ್ತಿ ನೋಡಿದರು, ಅಲ್ಲೂ ನೋವಿರಲಿಲ್ಲ. ಡಾಕ್ಟರಮ್ಮ ಮೊದಲ ಬಾರಿಗೆ ಹಣೆ ಉಜ್ಜಿಕೊಂಡರು. ತಮ್ಮನ ಹೆಂಡತಿ ಮನೆಯ ಮುಂದೆ ಇಳಿಯುವಾಗ "ಲೇತು ಇವತ್ತೇ ಕಳಿಸಿಬಿಡೋಣ ಅತ್ತಿಗೆ, ಅದನ್ನ ನೋಡ್ತಾ ಕೂರೋದು ಇವರಿಗೂ ಹಿಂಸೆ" ಅಂದಳು.

ಕಳಿಸಲಿಲ್ಲ. ಮಾರನೆಯ ದಿನ ನಡೆದದ್ದು ಹೀಗೆ.

ಲೇತಿರುವ ಕೋಣೆಯ ಗೋಡೆಗೆ ಉದ್ದ ಹಲಗೆ ಇದೆ, ನೆಣ ತೆಗೆದ ಮೂಳೆ ಒಣಗಿಸುವ ಹಲಗೆ. ತಮ್ಮ ಅದರ ಕೆಳಗೆ ಕುರ್ಚಿಯಲ್ಲಿ ಕೂತಿದ್ದ. ಅವನ ಹೆಂಡತಿ ಕೈ ಖಾಲಿ ಮಾಡಿಕೊಳ್ಳಲು ನೀರಿನ ತಂಬಿಗೆಯನ್ನು ಆ ಮೂಳೆಗಳ ಮೇಲೆ ಇಟ್ಟಳು. ಅವನು ಗುಡುಗಿದ.

"ಗೊತ್ತು! ಗೊತ್ತು!"

ಎಡಗೈ ಬೀಸಿದ ರಭಸಕ್ಕೆ ತಂಬಿಗೆ ಉರುಳಿ ನೆಲವೆಲ್ಲ ನೀರಾಯಿತು.

"ನೀರಿಟ್ಟಿದ್ದಕ್ಕೆ ಇಷ್ಟು ಕೋಪಾನೇನ್ರೀ?" ಅಂದಳು ಅವಳು.

ಅವನು ಬೆರಳಿನಿಂದ ಹಲಗೆಯ ಮೇಲಿನ ಮೂಳೆ ತೋರಿಸಿದ. ಆಮೇಲೆ ಅದೇ ಬೆರಳನ್ನು ತನ್ನ ಎಡ ಸೊಂಟಕ್ಕೆ ಒತ್ತಿದ. ನನ್ನನ್ನು ನೋಡಿದ. ನಮ್ಮಪ್ಪನ ಕೈಕೆಳಗೆ ಕಲಿತವರು ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ.

ನಮ್ಮಪ್ಪ ಹಾಕಿಕೊಟ್ಟ ಕಟ್ಟುನಿಟ್ಟು ಒಂದಿತ್ತು. ನೆಣ ತೆಗೆದ ಮೂಳೆ ಹಸಿ ಮೂಳೆ. ಹೊರಗೆ ಗಟ್ಟಿ ಕಂಡರೂ ಒಳಗೆ ಟೊಳ್ಳು, ಒದ್ದೆ. ಅದರ ಮೇಲೆ ಭಾರ ಬಿದ್ದರೆ ಕೂದಲಿನಂಥ ಸೀಳು ಬಿಡುತ್ತದೆ. ಆಗ ಕಾಣುವುದಿಲ್ಲ, ಕಡೆಯುವಾಗ ಒಡೆಯುತ್ತದೆ. ಒಣಗುವವರೆಗೆ ಅದರ ಮೇಲೆ ಹುಲ್ಲುಕಡ್ಡಿ ಕೂಡ ಇಡಬಾರದು. ಬೇರೆ ಬೀದಿಯ ಗುಂಡಿಯವರು ಇದನ್ನು ನಂಬುವುದಿಲ್ಲ. ನಾವು ಚಿಕ್ಕಂದಿನಿಂದ ಇದರ ಸಲುವಾಗಿ ಏಟು ತಿಂದವರು.

"ಅಯ್ಯೋ" ಅಂದೆ. "ನಿನ್ನ ಸೊಂಟದಿಂದ ನೆಣ ತೆಗೆದ್ರು, ಅದಕ್ಕೆ ಕಾಲೂರ್ತಾ ಇಲ್ವಾ?"

ಅವನು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟ. ಅಂತೂ ಒಬ್ಬರಿಗೆ ತಿಳಿಯಿತಲ್ಲ ಅನ್ನುವ ಹಾಗೆ.

ಪೈಲ್ವಾನರಿಗೆ ಹೇಳಿದಾಗ ಅವರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ನಗು ಅರ್ಧಕ್ಕೆ ನಿಂತಿತು. ಬಗ್ಗಿ ತಮ್ಮನ ಬಲತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, "ಒದೀರಿ" ಅಂದರು. ತೊಡೆ ಬಿಗಿಯಿತು. ಕಣ್ಣಿಗೆ ಕಾಣುವಷ್ಟೇ ಬಿಗಿಯಿತು.

"ಇದು ಹೋದ ವಾರ ಇರ್ಲಿಲ್ಲ" ಅಂದರು.

ಡಾಕ್ಟರಮ್ಮ ತಾವೇ ಮನೆಗೆ ಬಂದರು. ತಮ್ಮನ ಮುಂದೆ ಮಣೆ ಹಾಕಿಕೊಂಡು ಕೂತು ಹೇಳಿದರು. ಬದುಕಿರುವ ಮೂಳೆ ಬೇರೆ, ಬೇಯಿಸಿದ ಮೂಳೆ ಬೇರೆ. ಅವರು ತೆಗೆದದ್ದು ಸ್ವಲ್ಪ, ಅದು ತಾನಾಗಿಯೇ ತುಂಬಿಕೊಳ್ಳುತ್ತದೆ. ಸೂಜಿ ಮಾಡಿದ ತೂತು ಗುಂಡಿಯ ತೂತಿಗಿಂತ ಸಣ್ಣದು. ಕಾಲೂರಿದರೆ ಏನೂ ಆಗುವುದಿಲ್ಲ, ಊರದಿದ್ದರೆ ಬಿದ್ದು ನಿಜವಾಗಿಯೂ ಸೊಂಟ ಮುರಿಯಬಹುದು. ಅವನು ಒಂದು ಮಾತೂ ಬಿಡದೆ ಕೇಳಿದ. ಮರ್ಯಾದೆಯಿಂದ ತಲೆದೂಗಿದ.

"ಗೊತ್ತು" ಅಂದ.

ಅವರು ಅತ್ತ ಹೋದರು, ಇವನು ಇತ್ತ ಎಡಗಾಲು ಎತ್ತಿಕೊಂಡು ನಿಂತ.

ಆಮೇಲೆ ಪೈಲ್ವಾನರು ಅಗಲ ಪಟ್ಟಿಯೊಂದು ತಂದು ಅವನ ಸೊಂಟಕ್ಕೆ ಸುತ್ತಿ, ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದರು. ಅವನು ಬಲಗಾಲಿನ ಮೇಲೆ ನಿಲ್ಲುತ್ತಿದ್ದ, ನಡುಗುತ್ತಿದ್ದ, ಬೆವರುತ್ತಿದ್ದ. ಮೊದಮೊದಲು ಪಟ್ಟಿಯಲ್ಲೇ ನೇತಾಡುತ್ತಿದ್ದವನು ಬರಬರುತ್ತ ಪಟ್ಟಿ ಸಡಿಲ ಬಿಟ್ಟರೂ ಉಸಿರು ಬಿಗಿಹಿಡಿದು ನಿಲ್ಲುವಂತಾದ.

ಮೂಳೆ ಒಣಗಿತೋ ಇಲ್ಲವೋ ನೋಡುವ ಕ್ರಮ ಒಂದಿದೆ. ಬೆರಳ ಗಿಣ್ಣಿನಿಂದ ತಟ್ಟಬೇಕು. ಹಸಿಯಿದ್ದರೆ ಸದ್ದು ಮಂದ, ಒಣಗಿದ್ದರೆ ಟಣ್ ಅನ್ನುತ್ತದೆ. ಮನೆಯಲ್ಲಿ ತಟ್ಟಿ ನೋಡುವವಳು ನಾನು. ಹಾಗಾಗಿ ಒಂದು ಬೆಳಗ್ಗೆ ಅವನು ನನ್ನ ಕೈ ಹಿಡಿದು ತನ್ನ ಎಡ ಸೊಂಟದ ಮೇಲೆ ಇಟ್ಟುಕೊಂಡ.

ತಟ್ಟಿದೆ. ಮನುಷ್ಯರ ಸೊಂಟ ತಟ್ಟಿದರೆ ಏನು ಕೇಳುತ್ತದೆ, ಏನೂ ಇಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬಾಗಿಲ ಬಳಿ ಪೈಲ್ವಾನರು ನಿಂತಿದ್ದರು. ಅವರು ಹಿಂದಿನ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, "ಆ ಮೂಳೆ ಇನ್ನೊಂದಿಷ್ಟು ದಿನ ಹಸಿಯಾಗಿರ್ಲಿ ಅಮ್ಮ, ಬಲಗಾಲು ಈಗ ತಾನೇ ಕಣ್ಬಿಡ್ತಾ ಇದೆ."

"ಹಸಿ ಇದೆ" ಅಂದೆ.

ಅವನು ತಲೆದೂಗಿದ. ಎಡಗಾಲು ಮೇಲೆತ್ತಿದ.

ತಮ್ಮನ ಹೆಂಡತಿ ಹಿತ್ತಲಿಗೆ ಬಂದು ಜಗಳ ತೆಗೆದಳು. "ನೀವೂ ಅವರ ಜೊತೆ ಸೇರ್ಕೊಂಡ್ರಾ? ಬಿದ್ರೆ ಎತ್ತೋದು ನಾನು. ಒಣಗಿದೆ ಅಂತ ಒಂದು ಮಾತು ಹೇಳೋಕೆ ನಿಮ್ಮ ಗಂಟೇನು ಹೋಗ್ತಿತ್ತು?"

"ಎರಡೂ ಕಾಲು ಕೊಟ್ರೆ ಬಲಗಾಲನ್ನ ಮರೆತುಬಿಡ್ತಾನೆ. ಲೇತು ತುಳಿಯೋದು ಯಾವ ಕಾಲು?"

ಅವಳು ಹಂಡೆಯ ಕೆಳಗಿನ ಸೌದೆಯನ್ನು ಕಾಲಿನಿಂದ ಒಳಕ್ಕೆ ತಳ್ಳಿ ಹೋದಳು. ಅವತ್ತಿನಿಂದ ಪಟ್ಟಿಯ ಇನ್ನೊಂದು ತುದಿಯನ್ನು ಅವಳೇ ಹಿಡಿದಳು.

ಬಿಸಿಲು ಬಲಿತು ಬೀದಿಯ ನೆಲ ಕಾಯುವ ಕಾಲ ಬಂತು. ಅವನು ಮತ್ತೆ ಮತ್ತೆ ಕೈ ಹಿಡಿದು ಇಡುತ್ತಿದ್ದ, ನಾನು ಮತ್ತೆ ಮತ್ತೆ ಹಸಿ ಅನ್ನುತ್ತಿದ್ದೆ. ಒಂದು ದಿನ ಅವನು ಯಾರ ಆಸರೆಯೂ ಇಲ್ಲದೆ ಬಲಗಾಲೊಂದರ ಮೇಲೆ ನಿಂತು, ಎಡಗೈಯಿಂದ ಹಲಗೆಯ ಮೇಲಿನ ಮೂಳೆಯೊಂದನ್ನು ತೆಗೆದು ನನ್ನತ್ತ ಚಾಚಿದ. ತಟ್ಟು ಅಂತ. ಅದು ಟಣ್ ಅಂದಿತು. ಆಮೇಲೆ ಸೊಂಟ ತೋರಿಸಿದ. ತಟ್ಟಿದೆ.

"ಒಣಗಿದೆ. ಇಳಿಸು ಕಾಲು."

ಇಳಿಸಿದ. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಎರಡೂ ಕಾಲಿನ ಮೇಲೆ ನಿಂತು ಬಾಗಿಲವರೆಗೆ ನಡೆದ. ಬಲಗಾಲು ಸ್ವಲ್ಪ ಎಳೆಯುತ್ತಿತ್ತು, ಅಷ್ಟೇ. ಹೊರಗೆ ಹಾದುಹೋಗುತ್ತಿದ್ದ ಹಾಲಿನವಳು "ಏನ್ ಗುಂಡಿಯಣ್ಣ, ಮದುಮಗನ ಹಾಗೆ ಹೆಜ್ಜೆ ಇಡ್ತಿದ್ದೀಯಾ!" ಅಂದಳು.

ಕೈ ಮಾತ್ರ ಬರಲಿಲ್ಲ. ಬೆರಳು ಮಡಿಚಿಕೊಂಡೇ ಇತ್ತು. ಪೈಲ್ವಾನರು ಎಣ್ಣೆ ಹಚ್ಚಿ ಬಿಡಿಸುತ್ತಿದ್ದರು, ಬಿಟ್ಟ ಕೂಡಲೇ ಮೊಗ್ಗಾಗುತ್ತಿತ್ತು. ಸೊಂಟದ ಮೂಳೆ ಹಸಿ ಅನ್ನುವಂಥ ಯೋಚನೆ ಕೈಯ ಸಹಾಯಕ್ಕೆ ಯಾವುದೂ ಇರಲಿಲ್ಲ.

ಮೋಡ ಕಟ್ಟತೊಡಗಿದಾಗ ಡಾಕ್ಟರಮ್ಮ ಇನ್ನೊಮ್ಮೆ ಬಂದರು. ಪ್ರಯೋಗ ಮುಗಿದಿತ್ತು, ಯಾರಿಗೆ ಯಾವುದು ಕೊಟ್ಟಿದ್ದು ಅಂತ ಬಿಚ್ಚಿ ನೋಡಿದ್ದರು. ತಮ್ಮನಿಗೆ ಕೊಟ್ಟದ್ದು ಜೀವಕಣವೇ.

ತಮ್ಮನ ಹೆಂಡತಿಯ ಮುಖ ಅರಳಿತು. "ಹಾಗಾದ್ರೆ ಅದೇ ಎಬ್ಬಿಸಿದ್ದು!"

"ಹಾಗೆ ಹೇಳೋಕಾಗಲ್ಲಮ್ಮ. ಎಲ್ಲರನ್ನೂ ಸೇರಿಸಿ ನೋಡಿದ್ರೆ ಕಣ ತಗೊಂಡೋರು, ಉಪ್ಪುನೀರು ತಗೊಂಡೋರು ಒಂದೇ ಸಮ. ಯಾರಿಗೂ ಕೆಟ್ಟದಾಗಲಿಲ್ಲ, ಒಳ್ಳೇದೂ ಬೇರೆಯಾಗಿ ಕಾಣಲಿಲ್ಲ."

"ಮತ್ತೆ ಇವರ ಕಾಲು?"

"ಕಣ ಇರಬಹುದು. ಎಡಗಾಲೆತ್ತಿಕೊಂಡು ನಿಂತಿದ್ದು ಇರಬಹುದು. ತಾನಾಗೇ ಬರೋದೂ ಇರುತ್ತೆ. ನಂಗೆ ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತು" ಅಂದ ತಮ್ಮ.

ಡಾಕ್ಟರಮ್ಮ ನಕ್ಕದ್ದು ಆಗಲೇ. ನಾನು ತಟ್ಟಿ ನೋಡಿದ್ದನ್ನೂ ಹಸಿ ಅಂದದ್ದನ್ನೂ ಹೇಳಿದೆ. ನಗು ಹೋಯಿತು. ಅದನ್ನು ತಿಳಿಸಬೇಕಿತ್ತು, ಬಿದ್ದಿದ್ದರೆ ಏನು ಗತಿ ಅಂದರು. ಹೌದು ಅಂದೆ. ಕಾಫಿ ಕುಡಿದು ಹೋದರು.

ಲೇತಿನ ಮುಂದೆ ಅವನು ನಿಂತದ್ದು ಅದರ ನಂತರ, ಒಂದು ಮಧ್ಯಾಹ್ನ. ನಾನೂ ಅವನ ಹೆಂಡತಿಯೂ ಕೆಲಸ ಬಿಟ್ಟು ಬಂದು ನಿಂತೆವು. ಎಡಗಾಲಿನ ಮೇಲೆ ನಿಂತ. ಬಲಗಾಲು ಹಲಗೆಯ ಮೇಲಿಟ್ಟ. ತುಳಿದ. ಚಕ್ರ ತಿರುಗಿತು, ಪಟ್ಟಿ ಓಡಿತು, ಅಪ್ಪನ ಕಾಲದ ಅದೇ ಸದ್ದು. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಉಳಿಯನ್ನು ಎಡಗೈಯಲ್ಲಿ ಹಿಡಿದ. ಬಲಗೈಯನ್ನು ಅದರ ಬುಡಕ್ಕೆ ಒತ್ತಿ ಆನಿಸಿದ. ಮೂಳೆಗೆ ಉಳಿ ತಾಗಿತು, ಕುಣಿಯಿತು, ಗುಂಡಿ ಸಿಡಿದು ಕಿಟಕಿಗೆ ಬಡಿಯಿತು. ಇನ್ನೊಂದು. ಅದೂ ಸಿಡಿಯಿತು. ಅವಳು ಹತ್ತಿರ ಹೋಗಿ ಅವನ ಬಲಗೈ ಇರಬೇಕಾದ ಕಡೆ ತನ್ನ ಕೈ ಇಟ್ಟಳು. ಹಾಗೆ ಒಂದು ಗುಂಡಿ ಆಯಿತು. ಅಂಚು ಓರೆ, ಒಂದು ಕಡೆ ದಪ್ಪ.

"ಇರ್ಲಿ ಬಿಡ್ರೀ, ಮಾಡ್ತಾ ಮಾಡ್ತಾ ಸರಿಹೋಗುತ್ತೆ" ಅಂದಳು.

ಅವನು ಆ ಗುಂಡಿಯನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿದ. ಬೇರೆಯವರು ಮಾಡಿದ ಗುಂಡಿ ಅವನು ನೋಡುತ್ತಿದ್ದದ್ದು ಹಾಗೆ. ಅದನ್ನು ಕಸದ ಬುಟ್ಟಿಗೆ ಹಾಕಿದ. ಕಾಲು ಎತ್ತಿದ, ಚಕ್ರ ನಿಧಾನವಾಗಿ ನಿಂತಿತು. ಆಮೇಲೆ ತಾನೇ ಬಗ್ಗಿ, ಎಡಗೈಯಿಂದ ಪಟ್ಟಿ ಕಳಚಿ ಸುರುಳಿ ಸುತ್ತಿ, ಹೆಂಡತಿಯ ಕೈಗಿಟ್ಟು, ಪಕ್ಕದ ಬೀದಿಯ ಕಡೆ ಬೆರಳು ತೋರಿಸಿದ.

"ಮಳೆ ಇನ್ನೂ ಹಿಡಿದಿಲ್ಲ" ಅಂದಳು ಅವಳು. "ಇನ್ನೂ ದಿನ ಇದೆ."

ಅವನು ಅವಳ ತಲೆ ಮೇಲೆ ಕೈ ಇಟ್ಟ. ಅಷ್ಟೇ.

ಚಿಕ್ಕಪ್ಪನ ಮಗ ಗಾಡಿಯೊಂದಿಗೆ ಬಂದ. ಅಣ್ಣ ಎದ್ದು ಓಡಾಡುವುದು ಕಂಡು ಅವನಿಗೆ ಇರುಸುಮುರುಸಾಯಿತು. "ಬೇಡ ಬಿಡಣ್ಣ, ನಾನು ಸುಮ್ನೆ ಬಂದೆ" ಅಂದ. ತಮ್ಮ ಅವನ ಭುಜ ಹಿಡಿದು ಲೇತಿನ ಮುಂದೆ ನಿಲ್ಲಿಸಿ, ಕಾಲು ಹಲಗೆಯ ಮೇಲೆ ಇಡಿಸಿದ. ಇಟ್ಟ ರೀತಿ ಸರಿಯಿರಲಿಲ್ಲ. ತಮ್ಮ ತನ್ನ ಬಲಗಾಲಿನಿಂದ ಅವನ ಹಿಮ್ಮಡಿಯನ್ನು ಸರಿಸಿ ಸರಿ ಮಾಡಿದ.

"ಮೊದಲ ದಿನವೇ ಒದೆ ತಿನ್ನೋ ಹಾಗಾಯ್ತಲ್ಲ ಅಕ್ಕ" ಅಂದ ಅವನು.

"ಕೆಲಸ ಕಲಿಯೋವರೆಗೂ ತಿಂತೀಯ. ಅವನಿಗೆ ಬಾಯಿಲ್ಲ, ಕಾಲಿದೆ."

ಲೇತು ಹೋದದ್ದು ಸೋಮವಾರ, ಮೊದಲ ಹನಿ ಬೀಳುವ ಮುಂಚೆ. ತಮ್ಮನ ಹೆಂಡತಿ ಒಳಗೇ ಉಳಿದಳು. ಗಾಡಿಯ ಹಿಂದೆ, ಒಂದು ಕೈ ಲೇತಿನ ಕಾಲಿಗೆ ಆನಿಸಿಕೊಂಡು, ತಮ್ಮನೂ ನಡೆದು ಹೋದ.